ರಸ್ತೆ ಕಡಿದಲ್ಲಿ ಸಿಕ್ಕ ಪಾಂಡವರು

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆ ಇನ್ನೂ ಸಣ್ಣದಿದ್ದ ದಿನಗಳವು. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದರೆ ಎಸ್‌ಟಿ ಬಸ್ಸು ಒಂದು ಬದಿಯ ಗಾಲಿಗಳನ್ನು ಮಣ್ಣಿಗಿಳಿಸಿ ನಿಲ್ಲುತ್ತಿತ್ತು. ಡ್ರೈವರುಗಳಿಬ್ಬರೂ ಕಿಟಕಿಯಿಂದ ಕೈಚಾಚಿ ತಂಬಾಕು ಕೊಟ್ಟು ತೆಗೆದುಕೊಂಡ ಮೇಲೆಯೇ ಮುಂದಿನ ಪ್ರಯಾಣ. ನಿಮ್ಮಲ್ಲಿ ಯಾರಾದರೂ ಆ ಬಸ್ಸುಗಳಲ್ಲಿ ಕೂತವರಿದ್ದರೆ, ಅಕ್ಕಲಕೋಟ ಇನ್ನೇನು ಬಂತು ಎನ್ನುವಾಗ ಬಸ್ಸು ಏದುಸಿರು ಬಿಡುತ್ತ ಹತ್ತುತ್ತಿದ್ದ ದಿಬ್ಬವೊಂದು ನೆನಪಿದ್ದೀತು. ಆ ದಿಬ್ಬದ ಮೇಲಿನ ಹೊಲ ನಮ್ಮದು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ರಸ್ತೆ ಅಗಲ ಮಾಡುವ ಮಂದಿ ಬಂದರು. ದಿಬ್ಬ ಹತ್ತಿ ಇಳಿಯುವುದು ದೊಡ್ಡ ರಸ್ತೆಗೆ ಅವಮಾನವೋ ಏನೋ, ಅವರು ನಮ್ಮ ದಿಬ್ಬವನ್ನು ನಟ್ಟನಡುವೆ ಕಡಿದುಕೊಂಡೇ ಹೋದರು. ದೀಪಾವಳಿ ಮುಗಿದ ಮೇಲೆ ಶುರುವಾದ ಆ ಕೆಲಸ ಚಳಿಗಾಲವೆಲ್ಲ ನಡೆಯಿತು. ಅವ್ವ ರೊಟ್ಟಿ ಬುಟ್ಟಿಗೆ ಎರಡು ಅರಿವೆ ಮುಚ್ಚಿದರೂ ರೊಟ್ಟಿ ಕಡಿದಾಗ ಹಲ್ಲಿಗೆ ಉಸುಕು ಸಿಗುತ್ತಿತ್ತು. ಮಧ್ಯಾಹ್ನ ಕಲ್ಲಿಗೆ ಮದ್ದು ತುಂಬಿ ಸುರುಂಗ ಹಾರಿಸುವ ಮೊದಲು ಸೀಟಿ ಊದುತ್ತಿದ್ದರು. ಆಗ ನಮ್ಮ ಮರಾಠಿ ಸಾಲೆಯ ಹುಡುಗರೆಲ್ಲ ಪಾಠ ಬಿಟ್ಟು ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆವು. ಸುರುಂಗ ಹಾರಿ ಎಷ್ಟೋ ಹೊತ್ತಾದರೂ ಕಿವಿಯಿಂದ ಕೈ ತೆಗೆಯದಿರುವುದು ನಮ್ಮ ಜಾಣತನವಾಗಿತ್ತು.

ನಮ್ಮದು ಎರಿ ಸೀಮೆ. ಕಪ್ಪು ಮಣ್ಣಿನಲ್ಲಿ ಎಲ್ಲಿ ಕೈಹಾಕಿದರೂ ಮಣ್ಣೇ. ಕಾಗೆ ಓಡಿಸಲಿಕ್ಕೂ ಕಲ್ಲು ಸಿಗದೆ ಮಣ್ಣಿನ ಹೆಂಟೆ ಒಗೆದು ಬೆಳೆದವರು ನಾವು. ಅಂಥ ನಮ್ಮ ಕಾಲ ಕೆಳಗೆ ಅಷ್ಟು ಕಲ್ಲು ಇದ್ದೀತೆಂದು ಯಾರಿಗೆ ಗೊತ್ತಿತ್ತು? ಸಾಲೆ ಬಿಟ್ಟೊಡನೆ ನಾನು ಮತ್ತು ನಮ್ಮ ಕಾಕಾನ ಮಗ ಸಿದ್ದು ಚೀಲ ಬಗಲಿಗೆ ಹಾಕಿಕೊಂಡು ಅತ್ತ ಓಡುತ್ತಿದ್ದೆವು. ಸಿದ್ದು ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಬುದ್ಧಿಯಲ್ಲಿ ಹತ್ತು ವರ್ಷಕ್ಕೆ ದೊಡ್ಡವನಂತೆ ನಡೆದುಕೊಳ್ಳುತ್ತಿದ್ದ. ಮಂಗಳವೇಢೆ ಕಡೆಯ ಸುಪರ್ವೈಸರ್ ಒಬ್ಬರು ಹಳದಿ ಹೆಲ್ಮೆಟ್ ಹಾಕಿಕೊಂಡು ಅಲ್ಲಿರುತ್ತಿದ್ದರು. ಮೊದಮೊದಲು ಮರಾಠಿಯಲ್ಲಿ ಬೈದು ಅಟ್ಟಿದರು. ಅಟ್ಟಿದಷ್ಟೂ ಬರುವ ಮಕ್ಕಳಿವು ಎಂದು ತಿಳಿದ ಮೇಲೆ, ಯಂತ್ರ ನಿಂತ ನಂತರ ಮಾತ್ರ ಬರಬೇಕು, ಮೇಲೆ ಜೋತಾಡುವ ಕಲ್ಲಿನ ಕೆಳಗೆ ನಿಲ್ಲಬಾರದು ಎಂದು ಕರಾರು ಮಾಡಿಕೊಂಡು ಬಿಟ್ಟುಬಿಟ್ಟರು.

ಆ ಗೋಡೆಯನ್ನು ನೋಡಬೇಕಿತ್ತು ನೀವು. ಎರಡು ಅಂತಸ್ತಿನ ಎತ್ತರ. ಎಲ್ಲಕ್ಕೂ ಮೇಲೆ ಎರಿ ಮಣ್ಣು, ಅದರೊಳಗಿಂದ ಜೋಳದ ಬೇರು ಬಿಳಿ ದಾರದ ಹಾಗೆ ಹೊರಗೆ ನೇತಾಡುತ್ತಿದ್ದವು. ಅದರ ಕೆಳಗೆ ಉಗುರಿನಿಂದ ಕೆರೆದರೂ ಉದುರುವ ಕಂದು ಮುರುಮ. ಅದರ ಕೆಳಗೆ ಕರಿಕಲ್ಲು, ಎಷ್ಟು ಗಟ್ಟಿ ಎಂದರೆ ಯಂತ್ರದ ಹಲ್ಲೇ ಎರಡು ಸಲ ಮುರಿದಿತ್ತು. ಕರಿಕಲ್ಲಿನ ಕೆಳಗೆ ಮೊಳದಗಲದ ಒಂದು ಕೆಂಪು ಪಟ್ಟಿ, ಗೋಡೆಯ ಈ ತುದಿಯಿಂದ ಆ ತುದಿಗೆ ಅಡ್ಡಕ್ಕೆ ಎಳೆದಂತೆ. ಅದರ ಬಣ್ಣ ನಮ್ಮ ಸೊಲ್ಲಾಪುರದ ಶೇಂಗಾ ಹಿಂಡಿಯದ್ದೇ, ರೊಟ್ಟಿಗೆ ಹಚ್ಚಿಕೊಳ್ಳುವ ಆ ಖಾರದ ಚಟ್ನಿಪುಡಿಯದು. ಸಿದ್ದು ಅದಕ್ಕೆ ಹಿಂಡಿ ಪಟ್ಟಿ ಎಂದು ಹೆಸರಿಟ್ಟ. ಹೆಸರಿಟ್ಟವನು ಸುಮ್ಮನಿರಲಿಲ್ಲ, ನೆಕ್ಕಿಯೂ ನೋಡಿದ. ನಾಲಿಗೆಗೆ ಅಂಟಿಕೊಂಡಿತು, ರುಚಿ ಮಾತ್ರ ಇಲ್ಲ ಎಂದು ವರದಿ ಕೊಟ್ಟ. ಹಿಂಡಿ ಪಟ್ಟಿಗೂ ಕೆಳಗೆ ಹಸಿರು ಮಿಶ್ರಿತ ಒಂದು ಕಲ್ಲು, ಮೈತುಂಬ ತೂತು. ಕೆಲವು ತೂತುಗಳಲ್ಲಿ ಬಿಳಿ ಹರಳು ತುಂಬಿಕೊಂಡಿದ್ದವು. ಸಂಜೆ ಬಿಸಿಲು ಅಡ್ಡಡ್ಡ ಬಿದ್ದಾಗ ಆ ಭಾಗವಷ್ಟೇ ಮಿಣುಮಿಣು ಎನ್ನುತ್ತಿತ್ತು. ಒಡೆದ ಕಲ್ಲಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ, ಪಟಾಕಿ ಹಾರಿ ಹೋದ ಮೇಲಿನ ವಾಸನೆ ಅದು. ನನಗೆ ಇಂದಿಗೂ ಅದರಷ್ಟು ಇಷ್ಟದ ವಾಸನೆ ಬೇರೆ ಇಲ್ಲ.

ಮನೆಯಲ್ಲಿ ಮಾತ್ರ ಈ ಸಂಭ್ರಮಕ್ಕೆ ಜಾಗವಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ರಸ್ತೆಯ ಮೇಲೆ ಮುನಿಸಿಕೊಂಡಿದ್ದಳು. ಬಸ್ಸಿನಲ್ಲಿ ಹೋದರೂ ದಿಬ್ಬ ಬಂದಾಗ ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದಳು. ಕಾರಣ ಐದು ಕಲ್ಲು.

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಅದರೊಳಗೆ ಐದು ಕಲ್ಲು ಸಾಲಾಗಿ ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಭೂಮಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ನಮ್ಮ ಐದು ಕಲ್ಲನ್ನು ಆಯಿಯ ಅತ್ತೆ ಇಟ್ಟದ್ದಂತೆ. ಅವು ಹೊಲದ ಮೂಲೆಯ ಬೇವಿನ ಮರದ ಬುಡದಲ್ಲಿದ್ದವು. ಆ ಮೂಲೆ ರಸ್ತೆಗೆ ಹೋಯಿತು.

ಯಂತ್ರ ಬರುವ ಹಿಂದಿನ ದಿನ ಮೂಲೆಯ ಸಾಮಾನೆಲ್ಲ ಎತ್ತಿ ತರಲು ಆಯಿ ಕಾಕಾನಿಗೆ ಹೇಳಿದ್ದಳು. ಕಾಕಾ ಪೈಪು ತಂದ, ಹಳೆಯ ಹಗ್ಗ ತಂದ, ಬೇವಿನ ಕಟ್ಟಿಗೆಯನ್ನೂ ಚಕ್ಕಡಿ ತುಂಬ ತಂದ. ಪಾಂಡವರನ್ನು ಬಿಟ್ಟು ಬಂದ. ಅವನದೂ ಪೂರ್ತಿ ತಪ್ಪು ಎನ್ನಲಾಗದು. ವರ್ಷಕ್ಕೆ ಒಂದೇ ದಿನ ದೇವರಾಗುವ ಕಲ್ಲುಗಳವು. ಉಳಿದ ದಿನ ಮಳೆಗೆ ಸುಣ್ಣ ತೊಳೆದುಹೋಗಿ ಬರೀ ಕಲ್ಲಾಗಿರುತ್ತಿದ್ದವು, ಅವುಗಳ ಮೇಲೆ ಕೂತು ಕಾಕಾ ಎಷ್ಟೋ ಸಲ ಬೀಡಿ ಸೇದಿದ್ದ. ಯಂತ್ರ ಅವನ್ನು ಮಣ್ಣಿನೊಂದಿಗೆ ಬಳಿದುಕೊಂಡು ಹೋಗಿ ಎಲ್ಲೋ ರಸ್ತೆಯ ಅಡಿಗೆ ತುಂಬಿತು. ಪಾಂಡವರು ಅಜ್ಞಾತವಾಸಕ್ಕೆ ಹೋಗ್ಯಾರ ಬಿಡು ಎಂದು ಕಾಕಾ ನಗಿಸಲು ನೋಡಿದ. ಆಯಿ ನಗಲಿಲ್ಲ.

“ಕಳಿಸಿದ ಶಕುನಿ ನೀನಽ ಅಲ್ಲೇನು?” ಎಂದಳು. “ನಮ್ಮ ಹೊಲದ ಕಲ್ಲು ಇಲ್ಲದ ನಾ ಚರಗ ಚೆಲ್ಲಂಗಿಲ್ಲ. ಈ ವರ್ಷ ಮನ್ಯಾಗ ಕೂಡ್ರತೀನಿ, ತಿಳಕೋ.”

ಆಯಿ ಹೊಲಕ್ಕೆ ಬರುವುದಿಲ್ಲವೆಂದರೆ ಹಬ್ಬವೇ ಇಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಯೆ ಕಾಳು ಕೂಡಿಸಿ ಕುದಿಸಿದ ಬಜ್ಜಿ, ಬೆಳ್ಳುಳ್ಳಿ ಹಾಕಿದ ಹುಳಿ ಅಂಬಲಿ, ಕಡಬು, ಶೇಂಗಾ ಹೋಳಿಗೆ ಎಲ್ಲವೂ ಅವಳ ಒಂದು ಮಾತಿನ ಮೇಲೆ ನಿಂತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯ ಮಂದಿಯೆಲ್ಲ ಒಂದೇ ಚಕ್ಕಡಿಯಲ್ಲಿ ಕೂತು ಹೋಗುವ ಆ ಒಂದು ದಿನಕ್ಕಾಗಿ ನಾನು ವರ್ಷವೆಲ್ಲ ಕಾಯುತ್ತಿದ್ದೆ. ಆಯಿ ಇಲ್ಲದ ಚಕ್ಕಡಿಯನ್ನು ನೆನೆಸಿಕೊಂಡರೆ ನನಗೆ ಅಳು ಬರುತ್ತಿತ್ತು.

ಕಾಕಾ ಬೋರಿ ನದಿಯಿಂದ ನುಣ್ಣನೆಯ ಐದು ಕಲ್ಲು ತಂದು ಅಂಗಳದಲ್ಲಿಟ್ಟ. ಹೊಳೆಯ ಕಲ್ಲಿಗೆ ಊರಿಲ್ಲ, ಮನೆಯಿಲ್ಲ ಎಂದು ಆಯಿ ಅವನ್ನು ಬಚ್ಚಲಿಗೆ ಹಾಕಿಸಿದಳು. ಆಗ ಸಿದ್ದು, ನಮ್ಮ ಹೊಲದ ಕೆಳಗೇ ಬೇಕಾದಷ್ಟು ಕಲ್ಲು ಕಾಣುತ್ತಿದೆಯಲ್ಲ, ಅಲ್ಲಿಂದ ತಂದರೆ ನಡೆಯುತ್ತದೆಯೋ ಎಂದು ಕೇಳಿದ. ಆಯಿ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ನಮ್ಮ ಹೊಲದ ಕೆಳಗಿನದಾದರೆ ನಡೆಯುತ್ತದೆ, ಆದರೆ ಒಡೆದ ಕಲ್ಲು ತರಬಾರದು, ಭಿನ್ನವಾದದ್ದಕ್ಕೆ ಪೂಜೆಯಿಲ್ಲ ಎಂದಳು.

ಸುರುಂಗ ಹಾರಿಸಿ ಕಡಿದ ಗೋಡೆಯಲ್ಲಿ ಒಡೆಯದ ಕಲ್ಲು ಹುಡುಕುವುದೆಂದರೆ ಹಿಟ್ಟಿನ ಗಿರಣಿಯಲ್ಲಿ ಇಡೀ ಜೋಳ ಹುಡುಕಿದಂತೆ. ಕರಿಕಲ್ಲಿನಲ್ಲಿ ಎಲ್ಲವೂ ಚೂಪು ಚೂಪು ತುಂಡು. ಹರಳಿನ ಕಲ್ಲಿನಲ್ಲಿ ನನ್ನ ಮುಷ್ಟಿಯಷ್ಟು ದೊಡ್ಡದೊಂದು ಸಿಕ್ಕಿತು, ಹೊರಗೆ ಕೊಳಕು ಹಸಿರು, ಒಳಗೆ ಕಲ್ಲುಸಕ್ಕರೆ ತುಂಬಿದ ಬಟ್ಟಲು. ಅದನ್ನು ಕಂಡ ಕ್ಷಣವೇ ನನಗೆ ಅದರ ಮೇಲೆ ಮನಸ್ಸು ಹೋಯಿತು. ಸಿದ್ದು ಒಂದೇ ನೋಟಕ್ಕೆ ತೀರ್ಪು ಕೊಟ್ಟ, ಅರ್ಧ ಒಡೆದದ್ದು, ನಡೆಯುವುದಿಲ್ಲ. ನಾನು ಅದನ್ನು ಪಾಟಿಚೀಲದಲ್ಲಿ ಇಟ್ಟುಕೊಂಡೆ.

ದಾರಿ ಸಿಕ್ಕಿದ್ದು ಮುರುಮದಲ್ಲಿ. ನಾವು ದಿನಾ ಕಡೆಗಣಿಸುತ್ತಿದ್ದ ಪದರವದು. ಒಂದು ಸಂಜೆ ಸಿದ್ದು ಗೋಡೆಗೆ ಒರಗಿದ ಮಣ್ಣಿನ ರಾಶಿ ಹತ್ತಿ ಕುರಪಿಯಿಂದ ಸುಮ್ಮನೆ ಕೆರೆಯುತ್ತಿದ್ದಾಗ ದುಂಡನೆಯ ಗಡ್ಡೆಯೊಂದು ಕಂಡಿತು. ಮೇಲಿನ ಪದರ ಸುಲಿದರೆ ಇನ್ನೊಂದು ಪದರ, ಅದನ್ನು ಸುಲಿದರೆ ಮತ್ತೊಂದು, ಥೇಟ್ ಉಳ್ಳಾಗಡ್ಡಿ. ಸಿಪ್ಪೆಯೆಲ್ಲ ಕೈಯಲ್ಲೇ ಪುಡಿಯಾಗುತ್ತಿತ್ತು. ಸುಲಿಯುತ್ತ ಸುಲಿಯುತ್ತ ಕೊನೆಗೆ ನಡುವಿನಲ್ಲಿ ಒಂದು ಕರಿಯ ಗುಂಡುಕಲ್ಲು ಉಳಿಯಿತು. ಯಾರೂ ಒಡೆಯದ, ಯಾರೂ ಕಡಿಯದ ಕಲ್ಲು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಾತಾಡಲು ಬಾಯಿ ತೆರೆದರೆ ಮುರುಮದ ಧೂಳು.

ಮುಂದಿನ ಕೆಲವು ಸಂಜೆ ನಾವು ಉಳ್ಳಾಗಡ್ಡಿ ಸುಲಿಯುವುದರಲ್ಲೇ ಕಳೆದೆವು. ದೊಡ್ಡದೊಂದು ಸಿಕ್ಕಿತು, ಅದು ಭೀಮ. ಜೋಡಿ ಸಣ್ಣವು ಸಿಕ್ಕವು, ನಕುಲ ಸಹದೇವ. ಮೊದಲು ಸಿಕ್ಕದ್ದೇ ಧರ್ಮರಾಜ. ಅರ್ಜುನನೊಬ್ಬ ಬಾಕಿ. ಅವನೂ ಕಂಡ, ಆದರೆ ಕಂಡ ಜಾಗ ನಮಗೆ ಸಂಶಯ ತಂದಿತು. ಪಕ್ಕದ ಹೊಲ ಗುರುಪಾದಪ್ಪನವರದು. ಎರಡು ಹೊಲದ ನಡುವಿನ ಬದು ಗೋಡೆಯ ಅಂಚಿಗೆ ಬಂದು ನಿಂತಿತ್ತು. ಸಿದ್ದು ಬದುವಿನ ಮೇಲೆ ನಿಂತು ಸುತಳಿಗೆ ಕೀಲಿ ಕಟ್ಟಿ ಕೆಳಗೆ ಬಿಟ್ಟ, ನಾನು ಕೆಳಗೆ ನಿಂತು ಇದ್ದಿಲಿನಿಂದ ಗೆರೆ ಎಳೆದೆ. ಪಾತಾಳವನ್ನು ಪಾಲು ಮಾಡುತ್ತಿದ್ದ ಆ ಹೊತ್ತು ನಾವಿಬ್ಬರೂ ಹೊಲದ ಲೆಕ್ಕ ಬರೆಯುವ ತಲಾಟಿಗಿಂತ ಗಂಭೀರವಾಗಿದ್ದೆವು. ಗೆರೆ ಬಿದ್ದಾಗ ಅರ್ಜುನ ಗೇಣಿನಷ್ಟು ಗುರುಪಾದಪ್ಪನವರ ಕಡೆ ಉಳಿದುಬಿಟ್ಟ.

ಅಮಾವಾಸ್ಯೆ ಹತ್ತಿರ ಬಂದಿತ್ತು. ಬೇರೆ ಗಡ್ಡೆ ಎಷ್ಟು ಸುಲಿದರೂ ಒಳಗೆ ಬರೀ ಪುಡಿ. ಕೊನೆಗೆ ಆಯಿಯೇ ಬಂದು ನೋಡಲಿ ಎಂದು ಯಂತ್ರಗಳಿಗೆ ರಜೆಯಿದ್ದ ದಿನ ಅವಳ ಬೆನ್ನು ಹತ್ತಿದೆವು. ಬರುವುದಿಲ್ಲ ಎಂದಳು, ಬೈದಳು, ಸೆರಗು ಸರಿಮಾಡಿಕೊಂಡು ಹೊರಟಳು. ನನ್ನ ಹೆಗಲು ಹಿಡಿದು ಮುರುಮದ ಇಳಿಜಾರಿನಲ್ಲಿ ಇಳಿದವಳು ಗೋಡೆಯ ಎದುರು ನಿಂತಳು. ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, ಇಷ್ಟು ವರ್ಷ ಇದರ ಮ್ಯಾಲೆ ನಡದಾಡೀನಲ್ಲ ನಾ ಎಂದಳು.

ಸಿದ್ದು ಸಾಲೆಯ ಭೂಗೋಳದ ಸರ್ ಹೇಳಿದ್ದನ್ನೆಲ್ಲ ಒಪ್ಪಿಸತೊಡಗಿದ. ಬಹಳ ಹಿಂದೆ ನೆಲದೊಳಗಿಂದ ಬೆಂಕಿಯ ರಸ ಉಕ್ಕಿ ಹರಿದು ಆರಿ ಕಲ್ಲಾಯಿತಂತೆ. ಮತ್ತೆ ಉಕ್ಕುವ ಮೊದಲು ಎಷ್ಟೋ ಕಾಲ ಹೋಯಿತಂತೆ. ಅಷ್ಟರಲ್ಲಿ ಆ ಕಲ್ಲಿನ ಮೈ ಸವೆದು ಮಣ್ಣಾಯಿತಂತೆ. ಆ ಮಣ್ಣಿನ ಮೇಲೆ ಇನ್ನೊಂದು ರಸ ಹರಿದು ಅದನ್ನು ಸುಟ್ಟು ಕೆಂಪು ಮಾಡಿತಂತೆ. ಅದೇ ಹಿಂಡಿ ಪಟ್ಟಿ. ಆಯಿ ಕೆಂಪು ಪಟ್ಟಿಯ ಮೇಲೆ ಅಂಗೈ ಇಟ್ಟಳು.

“ಮಣ್ಣು ಇತ್ತಂದ್ರ ಅದೂ ಒಂದು ಹೊಲನಽ ಆತಲ್ಲ.”

“ಆಗ ಮಂದಿ ಇರಲಿಲ್ಲ ಆಯಿ,” ಎಂದ ಸಿದ್ದು.

“ಮಂದಿ ಇರಲಿಕ್ಕಿಲ್ಲ. ಹೊಲ ಇತ್ತಿಲ್ಲೋ?”

  ಆಯಿ ಬೆರಳಿಗೆ ಹತ್ತಿದ ಕೆಂಪನ್ನು ಹಣೆಗೆ ಹಚ್ಚಿಕೊಂಡು ಅರ್ಜುನನ ವಿಚಾರಣೆಗೆ ತಿರುಗಿದಳು.

ಇದ್ದಿಲಿನ ಗೆರೆ ನೋಡಿದಳು, ತಲೆಯೆತ್ತಿ ಬದು ನೋಡಿದಳು, ನಕ್ಕಳು. ಆ ಚಳಿಗಾಲದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಗುರುಪಾದಪ್ಪನ ಅಪ್ಪ ನೇಗಿಲು ಹೊಡೆಯುವಾಗ ವರ್ಷಕ್ಕಿಷ್ಟು ಬದು ಒತ್ತಿ ಒಂದು ಸಾಲಿನಷ್ಟು ನಮ್ಮ ಕಡೆ ಬಂದಿದ್ದನಂತೆ. ಆಯಿ ಮದುವೆಯಾಗಿ ಬಂದ ಹೊಸತರಲ್ಲೇ ಆ ಜಗಳ ಆಗಿತ್ತಂತೆ.

“ಬದು ಒತ್ತಿದ್ದು ಮ್ಯಾಲ. ಕೆಳಗಿನ ಕಲ್ಲಿಗೆ ಅದೇನು ಗೊತ್ತು? ಗೆರಿ ಒಂದು ಸಾಲು ಆಚಿ ಎಳಿ.”

ಎಳೆದೆ. ಅರ್ಜುನ ನಮ್ಮವನಾದ. ಸೊಲ್ಲಾಪುರದ ಕೋರ್ಟಿನಲ್ಲಿ ಬದುವಿನ ಕೇಸು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೋಗುವುದನ್ನು ಕಂಡಿದ್ದೇನೆ. ಇಷ್ಟು ಬೇಗ ಇತ್ಯರ್ಥವಾದ ಬದುವಿನ ವ್ಯಾಜ್ಯ ಇದೊಂದೇ ಇರಬೇಕು. ಆಯಿ ಅಷ್ಟಕ್ಕೇ ಬಿಡದೆ ಗುರುಪಾದಪ್ಪನ ಮನೆಗೆ ಹೋಗಿ ವಿಷಯವೆಲ್ಲ ಹೇಳಿಬಂದಳು. ಅವರು ನಗುತ್ತ, ಮೇಲಿನ ಸಾಲು ಕೇಳದಿದ್ದರೆ ಸಾಕು ಅಂದರಂತೆ.

ಅಮಾವಾಸ್ಯೆಯ ಬೆಳಿಗ್ಗೆ ಚಕ್ಕಡಿ ಹೂಡಿದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ಆಯಿ. ಜೋಳ ಎದೆಮಟ್ಟ ಬೆಳೆದಿತ್ತು. ಕಾಕಾ ಪ್ರಾಯಶ್ಚಿತ್ತವೆಂಬಂತೆ ಯಾವ ವರ್ಷವೂ ಕಟ್ಟದಷ್ಟು ದೊಡ್ಡ ಕೊಂಪೆ ಕಟ್ಟಿದ್ದ. ಆಯಿ ಐವರನ್ನೂ ತೊಳೆದು ಸಾಲಾಗಿ ಕೂರಿಸಿ ಕುಂಚದಿಂದ ಸುಣ್ಣ ಬಳಿಯತೊಡಗಿದಳು. ನಾನು ಚೀಲದಿಂದ ನನ್ನ ಹರಳಿನ ಕಲ್ಲು ತೆಗೆದು ಮುಂದಿಟ್ಟೆ. ಆಯಿ ಕಣ್ಣೆತ್ತಿ ನೋಡಿ, ಒಡೆದದ್ದು, ಹೊರಗಿಡು ಎಂದಳು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಚಳಿಗಾಲವೆಲ್ಲ ಒಲೆಯ ಮುಂದೆ ಕೂರಿಸಿಕೊಂಡು ಭಾರತದ ಕಥೆ ಹೇಳಿದವಳು ಅವಳೇ. ಅವಳ ಕಥೆಯನ್ನೇ ಅವಳಿಗೆ ತಿರುಗಿಸಿದೆ.

“ಕರ್ಣನೂ ಕುಂತಿ ಮಗನಽ ಅಲ್ಲೇನು ಆಯಿ? ಮೈಮ್ಯಾಲಿನ ಕವಚ ಕೊರದು ಕೊಟ್ಟಾಂವ. ಅಂವಾನೂ ಒಡದಾಂವನಽ.”

ಕುಂಚ ಗಾಳಿಯಲ್ಲೇ ನಿಂತಿತು. ಕರ್ಣನ ಕಥೆ ಬಂದಾಗಲೆಲ್ಲ ಆಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಅದು ನನಗೆ ಗೊತ್ತಿತ್ತು. ಅವಳು ನನ್ನ ಮುಖ ನೋಡದೆ ಹೇಳಿದಳು.

“ಹಿಂದ ಇಡು ಅವನ್ನ. ಸುಣ್ಣ ಮಾತ್ರ ಸಿಗಂಗಿಲ್ಲ, ಕೇಳಬ್ಯಾಡ ಮತ್ತ.”

ಅವಳು ಕೊಟ್ಟದ್ದು ಶಿಕ್ಷೆ. ನನಗೆ ಬೇಕಾದದ್ದೂ ಅದೇ. ಸುಣ್ಣ ಬಳಿದರೆ ಹರಳು ಕಾಣುವುದಾದರೂ ಹೇಗೆ? ಐವರು ಪಾಂಡವರು ಮುಂದೆ ಬೆಳ್ಳಗೆ ಕೂತರು, ಹಿಂದಿನ ಕತ್ತಲಲ್ಲಿ ಕರ್ಣ ದೀಪದ ಬೆಳಕಿಗೆ ಮಿಂಚುತ್ತಿದ್ದ. ಅಪ್ಪ ಕೈಮುಗಿದವರು ಹಿಂದಿನ ಕಲ್ಲನ್ನೇ ನೋಡುತ್ತ ನಿಂತದ್ದನ್ನು ನಾನು ಗಮನಿಸಿ ಹೆಮ್ಮೆಪಟ್ಟೆ.

ಆಮೇಲೆ ಚರಗ. ಅಪ್ಪ ಬುಟ್ಟಿ ಹಿಡಿದು ಚೆಲ್ಲುತ್ತ ಮುಂದೆ, ಕಾಕಾ ತಂಬಿಗೆಯಿಂದ ನೀರು ಬಿಡುತ್ತ ಹಿಂದೆ, ನಾವು ಮಕ್ಕಳು ಹುಲ್ಲುಲ್ಲಿಗೋ ಎಂದು ಕೂಗುತ್ತ ಅವರ ಹಿಂದೆ. ಆ ಕೂಗಿಗೆ ಅರ್ಥವೇನೆಂದು ಯಾರಿಗೂ ಗೊತ್ತಿಲ್ಲ, ಗಂಟಲು ಹರಿಯುವಂತೆ ಕೂಗಬೇಕು ಅಷ್ಟೇ. ಮೂರು ಬದಿ ಮುಗಿದು ನಾಲ್ಕನೆಯ ಬದಿಗೆ ಬಂದೆವು. ಅಲ್ಲಿ ಹೊಲ ಮುಗಿದು ಗೋಡೆ ಕೆಳಗಿಳಿಯುತ್ತಿತ್ತು. ಆಯಿ ಹಿಂದಿನಿಂದ ಬಂದು ಬುಟ್ಟಿ ತನ್ನ ಕೈಗೆ ತೆಗೆದುಕೊಂಡಳು. ಅಂಚಿಗಿಂತ ತುಸು ಹಿಂದೆ ನಿಂತು, ಅನ್ನ, ಬಜ್ಜಿ, ಅಂಬಲಿ, ಕಡಬು ಕಲಸಿದ್ದನ್ನು ಕೈತುಂಬ ಹಿಡಿದು ಕಲ್ಲಿನ ಮೈಮೇಲೆ ಚೆಲ್ಲಿದಳು.

“ಕೆಳಗೂ ಒಂದು ಹೊಲ ಅದ. ಅದಕ್ಕ ಯಾವಾಗ ಯಾರು ಉಣಸ್ಯಾರ?”

ಮುರುಮದ ಮೇಲೆ, ಕರಿಕಲ್ಲಿನ ಮೇಲೆ, ಕೆಂಪು ಪಟ್ಟಿಯ ಮೇಲೆ ಅನ್ನದ ಅಗುಳು ಅಂಟಿಕೊಂಡವು. ಇಡೀ ಕಡಬೊಂದು ಉರುಳುತ್ತ ಹೋಗಿ ಕೆಳಗೆ ನಿಂತಿದ್ದ ಸುಪರ್ವೈಸರ್ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯಿತು. ಅವರು ಕಲ್ಲು ಬಿತ್ತೆಂದು ಹಾರಿ ಆಚೆ ನಿಂತರು. ಕಾಕಾ ಮೇಲಿನಿಂದ ಮರಾಠಿಯಲ್ಲಿ, ಹೆದರಬೇಡಿ, ಪ್ರಸಾದ ಎಂದು ಕೂಗಿದ. ಅವರು ನೆಲದಿಂದ ಕಡಬು ಎತ್ತಿ ಧೂಳು ಊದಿ ನೋಡಿದರು, ಆಮೇಲೆ ತಮ್ಮ ಮಂದಿಯನ್ನೆಲ್ಲ ಕರೆದುಕೊಂಡು ಮೇಲೆ ಬಂದರು. ಅಂದು ಕೊಂಪೆಯ ಮುಂದೆ ನಮ್ಮ ಜೊತೆ ಅವರೂ ಉಂಡರು. ಆಯಿ ಅವರಿಗೆ ಎರಡೆರಡು ಸಲ ಬಜ್ಜಿ ಬಡಿಸಿದಳು. ರಸ್ತೆಯ ಮೇಲಿನ ಮುನಿಸು ಯಾವಾಗ ಇಳಿಯಿತೋ ನನಗೆ ಗೊತ್ತಾಗಲಿಲ್ಲ.

ಈಗ ನಾನು ಸೊಲ್ಲಾಪುರದಲ್ಲಿರುತ್ತೇನೆ. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ದಿಬ್ಬ ಬಂದದ್ದೂ ಹೋದದ್ದೂ ಕೂತವರಿಗೆ ತಿಳಿಯುವುದಿಲ್ಲ. ಆಯಿ ತೀರಿಕೊಂಡ ಮೇಲೆ, ಕಲ್ಲು ಜಾರಬಾರದೆಂದು ಗೋಡೆಯ ಮೈಗೆ ಸಿಮೆಂಟು ಬಳಿದಿದ್ದಾರೆ. ಮೇಲೆ ಕಬ್ಬಿಣದ ಕಟಾಂಜನ. ನಮ್ಮ ಮಕ್ಕಳಿಗೆ ಅದು ಒಂದು ಬೂದು ಗೋಡೆ. ಅವರನ್ನು ಅಲ್ಲಿ ಇಳಿಸಿ ತೋರಿಸೋಣವೆಂದರೆ ಗಾಡಿ ನಿಲ್ಲಿಸಲು ಜಾಗವಿಲ್ಲ, ನಿಲ್ಲಿಸಿದರೂ ತೋರಿಸಲು ಏನೂ ಇಲ್ಲ.

ಎಳ್ಳಮಾವಾಸ್ಯೆಗೆ ಎಲ್ಲರೂ ಹೋಗುತ್ತೇವೆ. ಸಿದ್ದು ದುಧನಿಯಿಂದ ಹೆಂಡತಿ ಮಕ್ಕಳೊಂದಿಗೆ ಬರುತ್ತಾನೆ. ಅಡುಗೆ ಅದೇ, ಕೂಗು ಅದೇ, ನಗುವೂ ಕಡಿಮೆಯಿಲ್ಲ. ಹೋದ ವರ್ಷ ನಾಲ್ಕನೆಯ ಬದಿಗೆ ಬಂದಾಗ ನಾನೇ ಬುಟ್ಟಿ ತೆಗೆದುಕೊಂಡು ಕಟಾಂಜನದ ಆಚೆಗೆ ಚೆಲ್ಲಿದೆ. ಅನ್ನ ಸಿಮೆಂಟಿನ ಮೇಲೆ ಜಾರಿ ಅರ್ಧಕ್ಕೇ ನಿಂತಿತು. ಸಂಜೆ ಹೊರಡುವಾಗ ಹೋಗಿ ನೋಡಿದೆ, ಬಿಸಿಲಿಗೆ ಒಣಗಿ ಹಾಗೆಯೇ ಇತ್ತು, ಒಂದು ಇರುವೆಯೂ ಬಂದಿರಲಿಲ್ಲ. ಆಯಿ ಕಂಡುಹಿಡಿದ ಆ ಕೆಂಪು ಹೊಲ ಸಿಮೆಂಟಿನ ಹಿಂದೆ ಅಲ್ಲೇ ಇದೆ. ಆಯಿ ಹೋದ ಮೇಲೆ ಅದಕ್ಕೆ ಚರಗ ಮುಟ್ಟಿಲ್ಲ.